ಕಣವೂ ಜನವೂ

ಕನ್ನಡದಲ್ಲಿ ‘ಕಣ’ವೆಂಬ ಶಬ್ದವು ಬಹು ಹಳೆಯದು, ಅದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿರುವವು. ಸುಗ್ಗಿಯಲ್ಲಿ ಒಕ್ಕಲಿಗನು ನೆಲವನ್ನು ಹದಮಾಡಿ, ಸೆಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು, ಎತ್ತುಗಳಿಂದ ತೆನೆಯನ್ನು ತುಳಿಸುವ ಸ್ಥಳವು ಕಣ. ಶೂರರು ಕಾದುವ ಸ್ಥಳವು ರಣಕಣ. ಜಟ್ಟಿಗಳು ಸೆಣಸುವ ಸ್ಥಳವೂ ಕಣವೇ. ಕಾಳನ್ನು ಹೊಟ್ಟಿನಿಂದ ಬೇರ್ಪಡಿಸುವ ಸ್ಥಳಕ್ಕೂ, ಗಟ್ಟಿಯಾಳನ್ನು ಜೊಳ್ಳಿನಿಂದ ಬೇರ್ಪಡಿಸುವ ಸ್ಥಳಕ್ಕೂ ಒಂದೇ ಹೆಸರನ್ನಿಟ್ಟ ಹಿರಿಯರ ಬುದ್ಧಿಯು ಮೆಚ್ಚತಕ್ಕದ್ದೇ ಸರಿ. ಆದರೆ ಕಣದ ಇತಿಹಾಸವನ್ನು ಬರೆಯುವವರು ಬಹುಶಃ ಗೆದ್ದವನಾರು, ಸೋತವನಾರು ಎಂಬಷ್ಟನ್ನೇ ಬರೆದಿಡುವರು. ನೋಡಬಂದ ಜನರನ್ನು ಆ ಕಣವು ಹೇಗೆ ನಡೆಯಿಸಿಕೊಂಡಿತೆಂಬದನ್ನು ವಿಚಾರಿಸುವವರು ವಿರಳ. ಕನ್ನಡ ನಾಡಿನ ಅತ್ಯಂತ ಪ್ರಸಿದ್ಧವಾದ ಆಟದ ಕಣವಾದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಕಥೆಯನ್ನು ಈ ಎರಡೂ ದೃಷ್ಟಿಗಳಿಂದ ನೋಡುವದು ಈಗ ಅವಶ್ಯವಾಗಿದೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಸೀಮೆಗೆ ಕಣವೆಂಬದು ಹೊಸದಲ್ಲ. ದೀಪಾವಳಿಯ ಕಾಲದಲ್ಲಿ ಇಲ್ಲಿಯ ಊರೂರಿನಲ್ಲಿ ಹೋರಿಗಳನ್ನು ಶೃಂಗರಿಸಿ, ಕೊಬ್ಬರಿಯ ಸರಗಳನ್ನು ಕಟ್ಟಿ, ಜನರ ನಡುವೆ ಓಡಿಸುವ ಪದ್ಧತಿಯುಂಟು. ಆಗ ಊರ ಬೀದಿಯೇ ಕಣವಾಗುವದು. ಇಬ್ಬದಿಯ ಮಾಳಿಗೆಗಳೇ ಪ್ರೇಕ್ಷಕರ ಅಟ್ಟಗಳಾಗುವವು. ಕೊಬ್ಬರಿಯನ್ನು ಹರಿದವನ ಹೆಸರೂ, ಯಾರ ಕೈಗೂ ಸಿಗದೆ ಹೋದ ಹೋರಿಯ ಹೆಸರೂ ವರ್ಷಗಟ್ಟಲೆ ಜನರ ಬಾಯಲ್ಲಿ ಉಳಿಯುವವು. ನೋಡಲು ನಿಂತವರೇ ತಿವಿತಕ್ಕೆ ಸಿಕ್ಕಿ ಪ್ರಾಣವನ್ನು ಕಳೆದುಕೊಂಡ ಪ್ರಸಂಗಗಳೂ ಆಗಿರುವವು. ಅವರ ಹೆಸರು ಮಾತ್ರ ಮನೆಯವರ ನೆನಪಿನ ಹೊರತು ಬೇರೆಲ್ಲಿಯೂ ಉಳಿಯುವದಿಲ್ಲ.

ಐರಣಿಯ ಹಳೆಯ ಕೋಟೆಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯು ಮುಂದೆ ಹಂಪೆಯನ್ನು ಮುಟ್ಟುವಳು. ಅಲ್ಲಿಯ ಮಹಾನವಮಿ ದಿಬ್ಬವು ಕನ್ನಡ ನಾಡಿನ ಪುರಾತನವಾದ ಉತ್ಸವದ ಕಣಗಳಲ್ಲಿ ಅತ್ಯಂತ ಘನವಾದದ್ದು. ಅದರ ಕಲ್ಲಿನ ಪಟ್ಟಿಕೆಗಳ ಮೇಲೆ ಆನೆ, ಕುದುರೆ, ಬೇಟೆ, ನರ್ತನ, ಮಲ್ಲಯುದ್ಧಗಳ ಚಿತ್ರಗಳು ಇಂದಿಗೂ ಕಾಣುವವು. ಸುಮಾರು ೧೫೨೦ರಲ್ಲಿ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ತುಗೀಜ ಪ್ರವಾಸಿ ದೊಮಿಂಗೊ ಪಾಯಸನು ನವರಾತ್ರಿಯ ಉತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟಿರುವನು. ಅಲ್ಲಿಯ ಜಟ್ಟಿಗಳ ಹೊಡೆತಕ್ಕೆ ಹಲ್ಲುಗಳು ಮುರಿಯುತ್ತಿದ್ದವು, ಕಣ್ಣುಗಳು ಹೋಗುತ್ತಿದ್ದವು. ಮಾತಿಲ್ಲದೆ ಬಿದ್ದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು. ಆದರೂ ಸಮಬಲರನ್ನೇ ಜೋಡಿಮಾಡಿ ನಿಲ್ಲಿಸುವದಕ್ಕೂ, ಗೆದ್ದವನಿಗೆ ಸಲ್ಲತಕ್ಕ ಮರ್ಯಾದೆಯನ್ನು ನಿರ್ಣಯಿಸುವದಕ್ಕೂ ಅಲ್ಲಿ ಪಂಚರಿದ್ದರೆಂದು ಅವನು ಹೇಳುವನು. ಆ ಕಣವು ಅರಸನದು. ಅಟ್ಟಗಳ ಮೇಲೆ ಕುಳಿತವರು ಅರಸನ ಪರಿವಾರದವರು. ಪ್ರಜೆಯು ಅದನ್ನು ನೋಡುವದೇ ಒಂದು ಅನುಗ್ರಹವಾಗಿತ್ತು.

ವಿಜಯನಗರದ ತರುವಾಯ ಈ ಸಂಪ್ರದಾಯವು ಮೈಸೂರು ಅರಸರ ಕಡೆಗೆ ಬಂದಿತು. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ನಡೆಯಿಸಿದರು. ಜಟ್ಟಿಗಳ ವಜ್ರಮುಷ್ಟಿ ಕಾಳಗವು ಮೈಸೂರಿನ ದಸರೆಯ ಅಂಗವಾಯಿತು. ಮೊದಲ ರಕ್ತ ಬಿಂದುವು ಕಂಡೊಡನೆ ಕಾಳಗವನ್ನು ನಿಲ್ಲಿಸುವ ನಿಯಮವೂ ಅದರೊಡನೆ ಬೆಳೆಯಿತು. ಕಾದುವವನ ಪ್ರಾಣವನ್ನು ಕಾಯುವ ನಿಯಮವು ಹೀಗೆ ಬಹು ಹಿಂದೆಯೇ ಹುಟ್ಟಿತೆಂಬದನ್ನು ಗಮನದಲ್ಲಿಡತಕ್ಕದ್ದು.

ಅರಸನ ಕಣದಿಂದ ಜನರ ಕಣಕ್ಕೆ ಬಂದ ಬದಲಾವಣೆಯನ್ನು ತಂದದ್ದು, ವಿಚಿತ್ರವಾದರೂ, ಪರದೇಶದ ಒಂದು ಆಟ. ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಸಿದ ಮೇಲೆ ಇಂಗ್ಲಿಷರೊಡನೆ ಅವರ ಚೆಂಡುದಾಂಡುಗಳೂ ನೆಲೆಸಿದವು. ಊರಿನವರು ಮೊದಲು ಬೇಲಿಯ ಹೊರಗೆ ನಿಂತು ನೋಡಿದರು. ತರುವಾಯ ತಾವೇ ಕಣಕ್ಕಿಳಿದರು. ೧೯೩೪ನೆಯ ನವೆಂಬರ ೪ರಂದು ಮದ್ರಾಸಿನ ಚೇಪಾಕದಲ್ಲಿ ರಣಜಿ ಪಾರಿತೋಷಕದ ಮೊಟ್ಟಮೊದಲನೆಯ ಪಂದ್ಯವು ಮದ್ರಾಸಿಗೂ ಮೈಸೂರಿಗೂ ನಡೆಯಿತು. ಮೈಸೂರಿನವರು ೪೮ ಮತ್ತು ೫೯ ರನ್ನುಗಳಿಗೆ ಉರುಳಿ, ಒಂದೇ ದಿನದಲ್ಲಿ ಇನಿಂಗ್ಸಿನ ಸೋಲನ್ನುಂಡರು. ೧೯೪೧–೪೨ರಲ್ಲಿಯೂ ೧೯೫೯–೬೦ರಲ್ಲಿಯೂ ಅಂತಿಮ ಪಂದ್ಯದ ವರೆಗೆ ಬಂದು ಎರಡು ಸಾರಿಯೂ ಮುಂಬಯಿಗೆ ಸೋತರು. ಇಂಥ ತಂಡಕ್ಕೆ ತನ್ನದೆಂದು ಹೇಳಿಕೊಳ್ಳುವ ದೊಡ್ಡ ಕಣವೂ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಬಯಲೇ ಅದಕ್ಕೆ ಆಶ್ರಯವಾಗಿತ್ತು.

ಈ ಕೊರತೆಯನ್ನು ನೀಗಿಸಿದವರು ಮಂಡ್ಯದ ವಕೀಲರಾದ ಎಂ. ಚಿನ್ನಸ್ವಾಮಿಯವರು. ಬಹುಕಾಲ ಸಂಸ್ಥೆಯ ಕಾರ್ಯದರ್ಶಿಗಳಾಗಿ ದುಡಿದು, ಮುಂದೆ ೧೯೭೭ರಿಂದ ೧೯೮೦ರ ವರೆಗೆ ಭಾರತದ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದ ಅವರು, ಕಬ್ಬನ್ ಉದ್ಯಾನದ ಮಗ್ಗುಲಿಗೆ ಸರಕಾರದಿಂದ ಭೂಮಿಯನ್ನು ಪಡೆದು, ೧೯೭೦ರಲ್ಲಿ ಕಟ್ಟಡಕ್ಕೆ ಕೈ ಹಚ್ಚಿದರು. ಕಟ್ಟಡವಿನ್ನೂ ಮುಗಿಯುವ ಮೊದಲೇ ಆಟಗಳು ಆರಂಭವಾದವು. ಇಂದು ಆ ಕ್ರೀಡಾಂಗಣಕ್ಕೆ ಅವರ ಹೆಸರೇ ಇರುವದು.

ಕಣವು ಸಿದ್ಧವಾಗುತ್ತಿರುವಾಗಲೇ ಅದಕ್ಕೆ ತಕ್ಕ ಪ್ರಸಂಗವೂ ಒದಗಿತು. ರಾಜ್ಯವು ೧೯೭೩ನೆಯ ನವೆಂಬರ ೧ರಂದು ‘ಕರ್ನಾಟಕ’ವೆಂಬ ಹೆಸರನ್ನು ತಾಳಿತ್ತು. ಅದೇ ಹಂಗಾಮಿನಲ್ಲಿ, ೧೯೭೪ನೆಯ ಮಾರ್ಚ ತಿಂಗಳಲ್ಲಿ, ರಣಜಿ ಪಂದ್ಯದ ಉಪಾಂತ್ಯಕ್ಕಾಗಿ ಮುಂಬಯಿ ತಂಡವು ಬೆಂಗಳೂರಿಗೆ ಬಂದಿತು. ೧೯೫೮–೫೯ರಿಂದ ಹದಿನೈದು ವರ್ಷ ಎಡೆಬಿಡದೆ ಪಾರಿತೋಷಕವನ್ನು ತಮ್ಮ ಮನೆಯಲ್ಲಿಟ್ಟುಕೊಂಡಿದ್ದವರು ಅವರು. ಕರ್ನಾಟಕದ ಜಿ. ಆರ್. ವಿಶ್ವನಾಥರು ೧೬೨ ರನ್ನುಗಳನ್ನೂ ಬ್ರಿಜೇಶ ಪಟೇಲರು ೧೦೬ ರನ್ನುಗಳನ್ನೂ ಹೊಡೆದರು. ತಂಡದ ಮೊತ್ತ ೩೮೫. ವಿಶ್ವನಾಥರು ಹುಟ್ಟಿದ ಊರು ಭದ್ರೆಯ ದಂಡೆಯ ಭದ್ರಾವತಿ. ಅಲ್ಲಿಂದ ಬಂದ ನೀರೇ ಕೂಡಲಿಯಲ್ಲಿ ತುಂಗೆಯನ್ನು ಕೂಡಿ ಐರಣಿಯ ಮುಂದೆ ಹರಿಯುವದೆಂಬದನ್ನು ಇಲ್ಲಿಯ ವಾಚಕರು ಅಭಿಮಾನದಿಂದ ನೆನೆಯಬಹುದು. ಉತ್ತರವಾಗಿ ಆಡತೊಡಗಿದ ಮುಂಬಯಿಯ ಪೈಕಿ ಗಾವಸ್ಕರರನ್ನು ನಾಯಕ ಪ್ರಸನ್ನರ ಒಂದು ಚೆಂಡು ಮೋಸಗೊಳಿಸಿ ವಿಕೆಟ್ಟನ್ನು ಕಿತ್ತಿತು. ಸ್ಥಿರವಾಗಿ ನಿಂತು ೬೨ ರನ್ನು ಹೊಡೆದ ವಾಡೇಕರರು ಓಡುವಾಗ ಕಾಲು ಜಾರಿ ರನ್ನೌಟಾದರು. ಮುಂಬಯಿಯು ೩೦೭ಕ್ಕೆ ಮುಗಿಯಿತು. ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಕರ್ನಾಟಕವು ಮುಂದೆ ನಡೆದು, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಪಾರಿತೋಷಕವನ್ನು ಮೊದಲನೆಯ ಸಾರಿ ತಂದಿತು. ಚೇಪಾಕದ ಆ ಒಂದು ದಿನದ ಸೋಲಿಗೂ ಈ ಗೆಲವಿಗೂ ನಡುವೆ ನಾಲ್ವತ್ತು ವರ್ಷಗಳು ಕಳೆದಿದ್ದವು.

ಅದೇ ವರ್ಷದ ನವೆಂಬರ ೨೨ರಂದು ಈ ಕಣದ ಮೊದಲ ಟೆಸ್ಟ ಪಂದ್ಯವು ವೆಸ್ಟ್ ಇಂಡೀಜರೊಡನೆ ಆರಂಭವಾಯಿತು. ಕ್ಲೈವ್ ಲಾಯ್ಡರು ನಾಯಕತ್ವವನ್ನು ವಹಿಸಿದ ಮೊದಲ ಟೆಸ್ಟ ಇದು. ಗಾರ್ಡನ್ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರೂ ಟೆಸ್ಟಿಗೆ ಕಾಲಿಟ್ಟದ್ದೂ ಇಲ್ಲಿಯೇ. ಗ್ರೀನಿಜರು ೯೩ ಮತ್ತು ೧೦೭ ರನ್ನುಗಳನ್ನು ಹೊಡೆದರು. ರಿಚರ್ಡ್ಸರನ್ನಾದರೋ ಚಂದ್ರಶೇಖರರು ಎರಡು ಸಾರಿಯೂ ಒಂದಂಕಿಯಲ್ಲಿಯೇ ಹಿಂದಕ್ಕೆ ಕಳಿಸಿದರು. ಲಾಯ್ಡರ ೧೬೩ರ ಮುಂದೆ ಭಾರತವು ನಿಲ್ಲಲಾರದೆ ೨೬೭ ರನ್ನುಗಳಿಂದ ಸೋತಿತು. ಮುಂದೆ ಜಗತ್ತನ್ನಾಳಿದ ಒಂದು ತಂಡದ ಅಂಕುರವನ್ನು ಬೆಂಗಳೂರಿನ ಜನರು ಮೊದಲು ಕಂಡರು.

ಸೋಲುಗಳಲ್ಲಿಯೂ ನೆನಪಿಗೆ ಯೋಗ್ಯವಾದವುಗಳಿರುವವು. ೧೯೮೭ನೆಯ ಮಾರ್ಚದಲ್ಲಿ ಪಾಕಿಸ್ತಾನದೊಡನೆ ನಡೆದ ಟೆಸ್ಟು ಅಂಥದು. ಮಣಿಂದರ ಸಿಂಗರು ೨೭ ರನ್ನುಗಳಿಗೆ ೭ ವಿಕೆಟ್ಟುಗಳನ್ನು ಕಿತ್ತು ಪಾಕಿಸ್ತಾನವನ್ನು ೧೧೬ಕ್ಕೆ ಉರುಳಿಸಿದರು. ಆದರೆ ದಿನದಿನಕ್ಕೆ ಒಡೆದು ಧೂಳೆದ್ದ ಆ ನೆಲದ ಮೇಲೆ ಗೆಲ್ಲಲು ಭಾರತಕ್ಕೆ ೨೨೧ ರನ್ನುಗಳು ಬೇಕಾದವು. ತಮ್ಮ ಕೊನೆಯ ಟೆಸ್ಟನ್ನಾಡುತ್ತಿದ್ದ ಗಾವಸ್ಕರರು, ಚೆಂಡು ಹಾವಿನಂತೆ ಹೊರಳುತ್ತಿರುವಾಗ, ೯೬ ರನ್ನುಗಳ ವರೆಗೆ ಒಬ್ಬರೇ ಎದುರಿಸಿ ನಿಂತರು. ಭಾರತವು ೧೬ ರನ್ನುಗಳಿಂದ ಸೋತಿತು. ೧೩ ವರ್ಷಗಳ ಹಿಂದೆ ಪ್ರಸನ್ನರ ಚೆಂಡಿಗೆ ಅವರು ಔಟಾದಾಗ ಹರ್ಷಪಟ್ಟಿದ್ದ ಊರೇ ಈಗ ಅವರ ಆಟವನ್ನು ಎಂದಿಗೂ ಮರೆಯದ ಊರಾಯಿತು.

೧೯೯೬ನೆಯ ವರ್ಷವು ಈ ಕಣದ ಸುಗ್ಗಿಯೆನ್ನಬೇಕು. ಮಾರ್ಚ ೯ರಂದು ಹೊನಲು ಬೆಳಕಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ನಡೆಯಿತು. ಭಾರತದ ೨೮೭ಕ್ಕೆ ಪ್ರತಿಯಾಗಿ ಪಾಕಿಸ್ತಾನದ ಆಮೀರ್ ಸೊಹೇಲರು ರಭಸದಿಂದ ಆಡುತ್ತ, ಬೆಂಗಳೂರಿನ ವೆಂಕಟೇಶ ಪ್ರಸಾದರ ಒಂದು ಚೆಂಡನ್ನು ಬೌಂಡರಿಗೆ ಅಟ್ಟಿ, ಮುಂದಿನದನ್ನೂ ಅಲ್ಲಿಗೇ ಅಟ್ಟುವೆನೆಂದು ದಾಂಡನ್ನು ನೀಡಿ ತೋರಿಸಿದರು. ಮುಂದಿನ ಚೆಂಡು ಅವರ ವಿಕೆಟ್ಟನ್ನೇ ಹಾರಿಸಿತು. ಭಾರತವು ೩೯ ರನ್ನುಗಳಿಂದ ಗೆದ್ದಿತು. ಅದೇ ಅಕ್ಟೋಬರ ೨೧ರಂದು ಆಸ್ಟ್ರೇಲಿಯದೊಡನೆ ೨೧೬ರ ಗುರಿಯನ್ನು ಬೆನ್ನಟ್ಟುವಾಗ ಸಚಿನ್ ತೆಂಡುಲ್ಕರರು ೮೮ ರನ್ನುಗಳಿಗೆ ಔಟಾಗಿ, ೧೬೪ಕ್ಕೆ ೮ ವಿಕೆಟ್ಟುಗಳು ಬಿದ್ದು, ಜನರು ಏಳತೊಡಗಿದ್ದರು. ಆಗ ಮೈಸೂರಿನ ಶ್ರೀನಾಥರೂ, ಕಾಸರಗೋಡಿನ ಕುಂಬಳೆಯ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಅನಿಲ ಕುಂಬ್ಳೆಯವರೂ ಮುರಿಯದ ೫೨ ರನ್ನುಗಳ ಜೊತೆಯಾಟದಿಂದ ಗೆಲವನ್ನು ತಂದರು. ಅವರಿಬ್ಬರ ತಾಯಂದಿರು ಅಂದು ಪ್ರೇಕ್ಷಕರ ಸಾಲಿನಲ್ಲಿದ್ದರು. ಕಣವು ಜನರದಾಯಿತೆಂಬುದಕ್ಕೆ ಇದಕ್ಕಿಂತ ಅಂದವಾದ ಸಾಕ್ಷಿಯು ಬೇಕಿಲ್ಲ.

ಹೊರಗಿನವರ ಸಾಹಸಕ್ಕೂ ಈ ಕಣವು ಎಡೆಗೊಟ್ಟಿದೆ. ೨೦೧೧ನೆಯ ಫೆಬ್ರುವರಿ ೨೭ರಂದು ಭಾರತವೂ ಇಂಗ್ಲಂಡವೂ ೩೩೮ಕ್ಕೆ ೩೩೮ ಸರಿಸಮವಾದವು. ಮೂರೇ ದಿನಗಳ ಮೇಲೆ ಸಣ್ಣ ಐರ್ಲಂಡ ತಂಡವು ಅದೇ ಇಂಗ್ಲಂಡದ ೩೨೭ನ್ನು ದಾಟಿ ಗೆದ್ದಿತು. ಕೆವಿನ್ ಓಬ್ರಾಯನ್ ಐವತ್ತೇ ಚೆಂಡುಗಳಲ್ಲಿ ಶತಕವನ್ನು ಮುಟ್ಟಿದರು. ೨೦೧೮ನೆಯ ಜೂನದಲ್ಲಿ ಅಫಘಾನಿಸ್ತಾನವು ತನ್ನ ಮೊದಲ ಟೆಸ್ಟನ್ನು ಇಲ್ಲಿ ಆಡಿತು; ಎರಡೇ ದಿನಗಳಲ್ಲಿ ಸೋತರೂ ಅದರ ಬಾವುಟಕ್ಕೆ ಜನರ ಗೌರವವು ಸಂದಿತು.

೨೦೦೮ನೆಯ ಏಪ್ರಿಲ ೧೮ರಂದು ಐ.ಪಿ.ಎಲ್. ಎಂಬ ಹೊಸ ಲೀಗಿನ ಮೊದಲ ಆಟವೂ ಇಲ್ಲಿಯೇ ನಡೆಯಿತು. ಅಂದಿನಿಂದ ಕಣದ ಸ್ವರೂಪವು ಬದಲಾಯಿತು. ಐದು ದಿನ ಬುತ್ತಿ ಕಟ್ಟಿಕೊಂಡು ಬಂದು ಕೂಡ್ರುವ ಪ್ರೇಕ್ಷಕನ ಬದಲು, ಮೂರು ತಾಸಿನ ಸಂಭ್ರಮಕ್ಕೆ ಬರುವ ಲಕ್ಷಾಂತರ ತರುಣರು ಹುಟ್ಟಿಕೊಂಡರು. ಬೆಂಗಳೂರಿನ ತಂಡವು ಮೂರು ಸಾರಿ ಅಂತಿಮ ಪಂದ್ಯದಲ್ಲಿ ಸೋತು, ಹದಿನೆಂಟನೆಯ ವರ್ಷ, ೨೦೨೫ನೆಯ ಜೂನ ೩ರಂದು, ಅಹಮದಾಬಾದದಲ್ಲಿ ಗೆದ್ದಿತು. ಮರುದಿನವೇ ಬೆಂಗಳೂರಿನಲ್ಲಿ ವಿಜಯೋತ್ಸವವು ಗೊತ್ತಾಯಿತು. ಸುಮಾರು ೩೫ ಸಾವಿರ ಜನರು ಹಿಡಿಸುವ ಕಣದ ಸುತ್ತ ಲಕ್ಷಗಟ್ಟಲೆ ಜನರು ನೆರೆದರು. ಪ್ರವೇಶದ ವಿಷಯದಲ್ಲಿ ಗೊಂದಲ, ಇಕ್ಕಟ್ಟಾದ ಬಾಗಿಲುಗಳು, ಹಿಂದಿನಿಂದ ನೂಕುವ ಸಮೂಹ. ಆ ನೂಕುನುಗ್ಗಲಿನಲ್ಲಿ ಹನ್ನೊಂದು ಜನರು ಪ್ರಾಣವನ್ನು ಬಿಟ್ಟರು. ಅವರಲ್ಲಿ ಹೆಚ್ಚಿನವರು ತರುಣರು. ಹೊರಗೆ ಈ ಅನರ್ಥವಾಗಿರಲು ಒಳಗೆ ಸನ್ಮಾನವು ನಡೆಯಿತು. ಸರಕಾರವು ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೇಲ್ ಡಿಕುನ್ಹಾ ಅವರ ಆಯೋಗವು, ಈ ಕಟ್ಟಡದ ರಚನೆಯು ಇಂಥ ಮಹಾಸಮೂಹಕ್ಕೆ ತಕ್ಕದ್ದಲ್ಲವೆಂದು ಅಭಿಪ್ರಾಯಪಟ್ಟಿತು. ಅದೇ ವರ್ಷ ಇಲ್ಲಿ ನಡೆಯಬೇಕಾಗಿದ್ದ ಮಹಿಳೆಯರ ವಿಶ್ವಕಪ್ಪಿನ ಆಟಗಳು ಬೇರೆಡೆಗೆ ಹೋದವು.

ಈ ಪ್ರಸಂಗದ ಮೇಲೆ ಎರಡು ಪಕ್ಷಗಳ ವಾದವು ಸಹಜ. ಊರ ನಡುವಿನ ಇಕ್ಕಟ್ಟಾದ ಕಣವನ್ನು ಬಿಟ್ಟು ಹೊರಗೆ ವಿಸ್ತಾರವಾದದ್ದನ್ನು ಕಟ್ಟಬೇಕೆನ್ನುವವರು ಒಂದು ಕಡೆ. ಐವತ್ತು ವರ್ಷಗಳ ನೆನಪುಗಳಿರುವ ನೆಲವನ್ನು ತೊರೆಯಲಾಗದೆನ್ನುವವರು ಇನ್ನೊಂದು ಕಡೆ. ಎರಡರಲ್ಲಿಯೂ ಸತ್ಯವುಂಟು. ಆದರೆ ನೆನಪು ಕಲ್ಲು ಗಾರೆಗಳಲ್ಲಿ ಇರುವದಿಲ್ಲ, ಕಂಡವರ ಮನಸ್ಸಿನಲ್ಲಿರುವದು. ಕಾಣಲು ಬಂದವರನ್ನೇ ಕಾಯಲಾರದ ಕಣಕ್ಕೆ ನೆನಪಿನ ಹೆಸರಿನಲ್ಲಿ ಉಳಿಯುವ ಹಕ್ಕಿಲ್ಲ. ಅದರಂತೆಯೇ, ಬಾಗಿಲು, ದಾರಿ, ಜನಸಂಖ್ಯೆಗಳ ವಿಚಾರವಿಲ್ಲದೆ ಎಷ್ಟು ದೊಡ್ಡ ಕಣವನ್ನು ಎಲ್ಲಿ ಕಟ್ಟಿದರೂ ಅದೇ ಅನರ್ಥವು ಅಲ್ಲಿಗೂ ಬರುವದು. ಒಕ್ಕಲಿಗನು ರಾಶಿಯ ಅಳತೆಯನ್ನು ನೋಡಿಯೇ ಕಣವನ್ನು ಮಾಡುವನು. ಕಣದ ಅಳತೆಯನ್ನು ಮೀರಿ ತೆನೆಯನ್ನು ಹರಡುವದಿಲ್ಲ.

ಹಾವೇರಿ ಸೀಮೆಯ ಹಲವು ಊರುಗಳಲ್ಲಿ ವೀರಗಲ್ಲುಗಳು ನಿಂತಿರುವವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ: ಕಣದಲ್ಲಿ ಮಡಿದವನಿಗೆ ಹಿರಿಯರು ಸಲ್ಲಿಸಿದ ಋಣವು ಅದು. ಆದರೆ ನೋಡಲು ಬಂದು ಮಡಿದವನಿಗಾಗಿ ಯಾವ ಶಿಲ್ಪಿಯೂ ಕಲ್ಲಿನ ಮಾದರಿಯನ್ನು ಮಾಡಿಡಲಿಲ್ಲ. ಬೆಂಗಳೂರಿನ ಹನ್ನೊಂದು ಜನರು ಕಾದಲು ಹೋದವರಲ್ಲ, ಹರ್ಷಪಡಲು ಹೋದವರು. ಮುಂದೆ ಈ ಕಣದ ಇತಿಹಾಸವನ್ನು ಬರೆಯುವವರು ವಿಶ್ವನಾಥರ ೧೬೨ನ್ನೂ ಗಾವಸ್ಕರರ ೯೬ನ್ನೂ ಬರೆಯುವ ಪುಟದಲ್ಲಿಯೇ ಈ ಹನ್ನೊಂದನ್ನೂ ಬರೆಯತಕ್ಕದ್ದು. ಅದನ್ನು ಓದಿದವರು ಬೆಂಗಳೂರಿನ ಬಾಗಿಲುಗಳನ್ನಷ್ಟೇ ಅಲ್ಲ, ಬರುವ ದೀಪಾವಳಿಗೆ ತಮ್ಮ ಊರಿನ ಹೋರಿಯ ಬೀದಿಯನ್ನೂ ಒಮ್ಮೆ ನೋಡಿಕೊಂಡರೆ ಆ ಬರಹವು ಸಾರ್ಥಕವಾಗುವದು.