ಒಂದು ರೇಡಿಯೇಟರಿನ ಹುಡುಕಾಟ

೨೦೨೩ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ನಮ್ಮ ಮುಂಬಯಿಯ ಬೀದಿಗಳಿಂದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಕಾನೂನಿನ ಪ್ರಕಾರ ನಿವೃತ್ತವಾಯಿತು. ಕುರ್ಲಾದ ಕಾರಖಾನೆಯಲ್ಲಿ ಹುಟ್ಟಿ, ಈ ಮಹಾನಗರದ ಮಳೆ, ಬಿಸಿಲು, ಗುಂಡಿಗಳನ್ನೆಲ್ಲ ಕಂಡ ಆ ಕಪ್ಪು-ಹಳದಿ ಗಾಡಿಯನ್ನು ಬೀಳ್ಕೊಡುವಾಗ ನಮ್ಮಲ್ಲಿ ಅನೇಕರ ಮನಸ್ಸು ಭಾರವಾದದ್ದು ಸುಳ್ಳಲ್ಲ. ಆದರೆ ಕಾನೂನು ಬೀಳ್ಕೊಡುವುದಕ್ಕಿಂತ ಬಹಳ ಮೊದಲೇ ಬಿಡಿಭಾಗಗಳ ಅಂಗಡಿಗಳು ಅದನ್ನು ಬೀಳ್ಕೊಡತೊಡಗಿದ್ದವು. ಯಂತ್ರದ ವಿಚಾರದಲ್ಲಿ ಇದೊಂದು ಸಾಮಾನ್ಯ ನಿಯಮ. ತಯಾರಿಕೆ ನಿಂತ ದಿನ ಯಂತ್ರ ಸಾಯುವುದಿಲ್ಲ. ಅದಕ್ಕೆ ಬೇಕಾದ ಒಂದು ಸಣ್ಣ ಭಾಗ ಎಲ್ಲಿಯೂ ಸಿಗದೆ ಹೋದ ದಿನ ಸಾಯುತ್ತದೆ.

ಈ ನಿಯಮವನ್ನು ಒಪ್ಪದೆ ಹಟ ಹಿಡಿದು ನಿಂತ ಜನರು ಲೋಕದಲ್ಲಿದ್ದಾರೆ. ಅಮೆರಿಕದಲ್ಲಿ ‘ಮಸಲ್ ಕಾರು’ ಎಂದು ಕರೆಯಲಾಗುವ, ೧೯೬೦ರ ದಶಕದ ಬಲಾಢ್ಯ ಕಾರುಗಳನ್ನು ಇಂದಿಗೂ ಓಡಿಸುತ್ತಿರುವವರು ಅಂಥವರು. ಅವರ ಹಟದ ಚರಿತ್ರೆಯನ್ನು ಒಂದೇ ಒಂದು ಭಾಗದ ಮೂಲಕ, ಅಂದರೆ ಎಂಜಿನ್ನಿನ ಮುಂದೆ ಕುಳಿತು ನೀರು ತಣಿಸುವ ರೇಡಿಯೇಟರಿನ ಮೂಲಕ, ಇಲ್ಲಿ ನೋಡೋಣ.

ಮಸಲ್ ಕಾರಿನ ಹುಟ್ಟಿನಲ್ಲಿ ಸ್ವಲ್ಪ ಕಳ್ಳತನವೂ ಇತ್ತು. ೧೯೬೩ರ ಆರಂಭದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತನ್ನ ಅಂಗಸಂಸ್ಥೆಗಳೆಲ್ಲ ಮೋಟಾರು ಪಂದ್ಯಗಳಿಂದ ದೂರವಿರಬೇಕೆಂದು ಕಟ್ಟಪ್ಪಣೆ ಮಾಡಿತು. ಮಧ್ಯಮ ಗಾತ್ರದ ಕಾರುಗಳಲ್ಲಿ ೩೩೦ ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಇದರಲ್ಲೊಂದು ಸಂದು ಕಂಡುಕೊಂಡರು. ಹೊಸ ಕಾರನ್ನು ಮಾಡಿದರಲ್ಲವೇ ನಿಯಮದ ಮಾತು? ಇರುವ ಟೆಂಪೆಸ್ಟ್ ಕಾರಿಗೆ, ಗ್ರಾಹಕರು ಕೇಳಿದರೆ, ದೊಡ್ಡ ಎಂಜಿನ್ನನ್ನು ‘ಹೆಚ್ಚುವರಿ ಸೌಕರ್ಯ’ವಾಗಿ ಕೊಟ್ಟರೆ ಯಾರು ಕೇಳುತ್ತಾರೆ? ಹೀಗೆ ೧೯೬೪ರ ಮಾದರಿಯಲ್ಲಿ, ಸುಮಾರು ೨೯೫ ಡಾಲರುಗಳ ಹೆಚ್ಚುವರಿ ಬೆಲೆಗೆ, ೩೮೯ ಘನ ಅಂಗುಲದ ಎಂಜಿನ್ ಹೊತ್ತ ಜಿ.ಟಿ.ಓ. ಹೊರಬಂತು. ಹೆಸರನ್ನು ಇಟಲಿಯ ಫೆರಾರಿ ಕಾರಿನಿಂದ ಯಾವ ಸಂಕೋಚವೂ ಇಲ್ಲದೆ ಎತ್ತಿಕೊಂಡರು. ಐದು ಸಾವಿರ ಮಾರಿದರೆ ಸಾಕೆಂದಿದ್ದ ಕಡೆ ಮೊದಲ ವರ್ಷವೇ ೩೨,೪೫೦ ಮಾರಾಟವಾದವು. ೧೯೬೬ರಲ್ಲಿ ಈ ಸಂಖ್ಯೆ ೯೬,೯೪೬ಕ್ಕೆ ಏರಿತು. ಲಾಭ ಬಂದ ಮೇಲೆ ನಿಯಮ ಮುರಿದವರನ್ನು ಶಿಕ್ಷಿಸುವ ಪದ್ಧತಿ ಯಾವ ದೇಶದ ವ್ಯಾಪಾರದಲ್ಲಿಯೂ ಇಲ್ಲವಷ್ಟೆ! ೧೯೬೫ರಲ್ಲಿ ಡಿಲೋರಿಯನ್ ಅವರೇ ಪಾಂಟಿಯಾಕ್ ವಿಭಾಗದ ಮುಖ್ಯಸ್ಥರಾದರು.

ಆಮೇಲೆ ಪೈಪೋಟಿ ಮೊದಲಾಯಿತು. ಶೆವರ್ಲೆಯ ಶೆವೆಲ್, ಪ್ಲಿಮತ್‌ನ ರೋಡ್ ರನ್ನರ್, ಫೋರ್ಡ್, ಡಾಜ್ ಎಂದು ಒಂದೊಂದು ಕಂಪೆನಿಯೂ ಕಣಕ್ಕಿಳಿಯಿತು. ೧೯೭೦ರ ಶೆವೆಲ್ ಕಾರಿನ ೪೫೪ ಘನ ಅಂಗುಲದ ಎಂಜಿನ್ನಿಗೆ ೪೫೦ ಅಶ್ವಶಕ್ತಿಯೆಂದು ಕಂಪೆನಿಯೇ ಪ್ರಕಟಿಸಿತ್ತು. ನಮ್ಮ ಪದ್ಮಿನಿಯ ಎಂಜಿನ್ ೧೦೮೯ ಘನ ಸೆಂಟಿಮೀಟರಿನದು; ಮೊದಲ ಜಿ.ಟಿ.ಓ.ದ್ದು ಅದರ ಸುಮಾರು ಆರು ಪಾಲು. ಈ ಹೋಲಿಕೆಯಿಂದ ವಾಚಕರು ಆ ಗಾಡಿಗಳ ಹಸಿವನ್ನು ಊಹಿಸಿಕೊಳ್ಳಬಹುದು.

ಹಸಿವಿದ್ದಲ್ಲಿ ಬಿಸಿಯೂ ಇರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಚಕ್ರದ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಉಳಿದುದನ್ನು ಎಂಜಿನ್ನಿನ ಸುತ್ತ ಹರಿಯುವ ನೀರು ಹೊತ್ತೊಯ್ದು ಗಾಳಿಗೆ ಕೊಡಬೇಕು. ಆ ಕೊಡುಕೊಳ್ಳುವಿಕೆಯ ಕಟ್ಟೆಯೇ ರೇಡಿಯೇಟರ್. ಎರಡು ತೊಟ್ಟಿಗಳು, ಅವುಗಳ ನಡುವೆ ಸಾಲುಸಾಲಾಗಿ ಹಿತ್ತಾಳೆಯ ಚಪ್ಪಟೆ ನಳಿಕೆಗಳು, ನಳಿಕೆಗಳ ನಡುವೆ ತೆಳುವಾದ ತಾಮ್ರದ ರೆಕ್ಕೆಗಳು, ಎಲ್ಲವನ್ನೂ ಬಂಧಿಸುವ ತವರ-ಸೀಸದ ಬೆಸುಗೆ: ಇಷ್ಟೇ ಅದರ ರಚನೆ. ಮೇಲಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ. ಅದು ಚದರ ಅಂಗುಲಕ್ಕೆ ೧೫ ಪೌಂಡು ಒತ್ತಡವನ್ನು ಹಿಡಿದಿಟ್ಟರೆ, ನೂರು ಡಿಗ್ರಿಯಲ್ಲಿ ಕುದಿಯಬೇಕಾದ ನೀರು ಸುಮಾರು ೧೨೧ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಿಕೊಳ್ಳುತ್ತದೆ. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರಿನ ತತ್ತ್ವವೇ ಇದು.

ಜನರಲ್ ಮೋಟಾರ್ಸಿನ ಕಾರುಗಳಿಗೆ ರೇಡಿಯೇಟರ್ ಮಾಡಿಕೊಡುತ್ತಿದ್ದದ್ದು ನ್ಯೂಯಾರ್ಕ್ ಸಂಸ್ಥಾನದ ಲಾಕ್‌ಪೋರ್ಟ್ ಎಂಬ ಊರು. ೧೯೧೦ರಲ್ಲಿ ಅಲ್ಲಿ ಹ್ಯಾರಿಸನ್ ರೇಡಿಯೇಟರ್ ಕಂಪೆನಿಯನ್ನು ಸ್ಥಾಪಿಸಿದ ಹರ್ಬರ್ಟ್ ಹ್ಯಾರಿಸನ್ ಹುಟ್ಟಿದ್ದು ೧೮೭೬ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ ಎಂಬುದು ಸ್ವಾರಸ್ಯದ ಸಂಗತಿ. ಸೆಕೆಯ ಊರಿನಲ್ಲಿ ಕಣ್ತೆರೆದವರು ತಣಿಸುವ ಯಂತ್ರದಿಂದ ಹೆಸರು ಮಾಡಿದರು! ೧೯೧೮ರಲ್ಲಿ ಆ ಕಂಪೆನಿ ಜನರಲ್ ಮೋಟಾರ್ಸಿನಲ್ಲಿ ಲೀನವಾಯಿತು. ತಲೆಮಾರುಗಳ ಕಾಲ ಆ ಊರಿನ ಅನೇಕ ಮನೆಗಳಲ್ಲಿ ಒಲೆ ಉರಿದದ್ದು ಈ ಬೆಸುಗೆಯ ಕೂಲಿಯಿಂದ.

ಮಸಲ್ ಕಾರಿನ ಯುಗ ಹತ್ತು ವರ್ಷ ಬಾಳಿತು. ತರುಣರು ಈ ಕಾರುಗಳಲ್ಲಿ ಅಪಘಾತ ಮಾಡಿಕೊಳ್ಳುತ್ತಾರೆಂದು ವಿಮಾ ಕಂಪೆನಿಗಳು ಕಂತು ಏರಿಸಿದವು. ೧೯೭೦ರಲ್ಲಿ ವಾಯು ಶುದ್ಧಿಯ ಕಾಯಿದೆ ಬಿಗಿಯಾಯಿತು. ೧೯೭೧ರಲ್ಲಿ ಎಂಜಿನ್ನುಗಳ ಬಿಗುವನ್ನು ಇಳಿಸಲಾಯಿತು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದ ಮೇಲೆ ಉಳಿದದ್ದೂ ಮುಗಿಯಿತು. ೧೯೭೪ರಲ್ಲಿ ೭,೦೫೮ ಮಾರಾಟವಾಗುವುದರೊಂದಿಗೆ ಆ ಪರಂಪರೆಯ ಜಿ.ಟಿ.ಓ. ಕೊನೆಯುಸಿರೆಳೆಯಿತು. ನಿನ್ನೆಯ ಪೈಲ್ವಾನರು ಗುಜರಿ ಅಂಗಳದ ಪಾಲಾದರು.

ಇಲ್ಲೊಂದು ಸೂಕ್ಷ್ಮವಿದೆ. ಗುಜರಿಗೆ ಬಂದ ಕಾರಿನಿಂದ ಮೊದಲು ಕಿತ್ತುಕೊಳ್ಳುವ ವಸ್ತುಗಳಲ್ಲಿ ರೇಡಿಯೇಟರ್ ಒಂದು. ಕಬ್ಬಿಣಕ್ಕಿಂತ ತಾಮ್ರ, ಹಿತ್ತಾಳೆಗಳಿಗೆ ಬೆಲೆ ಹೆಚ್ಚಲ್ಲವೇ? ಆದ್ದರಿಂದ ಬಾಗಿಲು, ಬಂಪರ್‌ಗಳು ವರ್ಷಗಟ್ಟಲೆ ಮಳೆಯಲ್ಲಿ ಬಿದ್ದಿದ್ದರೂ ರೇಡಿಯೇಟರ್ ಕರಗಿ ಹೋಗಿರುತ್ತಿತ್ತು. ತನ್ನ ಲೋಹದ ಬೆಲೆಯೇ ಅದಕ್ಕೆ ಮುಳುವಾಯಿತು.

ಹಾಗಾದರೆ ಹಳೆಯ ಕಾರಿನ ಒಡೆಯನು ಏನು ಮಾಡಬೇಕು? ಅವನಿಗೆ ಮೊದಲ ದಾರಿ, ಹಳೆಯ ಮಾರಾಟಗಾರರ ಉಗ್ರಾಣದಲ್ಲಿ ಡಬ್ಬಿ ಒಡೆಯದೆ ಉಳಿದ ಮಾಲು. ಇದು ಸಿಕ್ಕರೆ ನಿಧಿ ಸಿಕ್ಕಂತೆ. ಸಿಗುವುದೂ ನಿಧಿಯಷ್ಟೇ ಅಪರೂಪ. ಎರಡನೆಯದು ಗುಜರಿ ಅಂಗಳ. ಯಾವ ಕಾರಿನ ಯಾವ ಭಾಗ ಬೇರೆ ಯಾವ ಕಾರಿಗೆ ಹೊಂದುತ್ತದೆಂದು ತಿಳಿಸುವ ಹಾಲಂಡರ್ ಕೈಪಿಡಿ ೧೯೩೪ರಿಂದ ಅಲ್ಲಿನ ಗುಜರಿಯವರಿಗೆ ಪಂಚಾಂಗವಿದ್ದಂತೆ. ಉತ್ತರದ ಹಿಮದ ಊರುಗಳಲ್ಲಿ ರಸ್ತೆಗೆ ಎರಚುವ ಉಪ್ಪು ಲೋಹವನ್ನು ತಿನ್ನುವುದರಿಂದ ಅನುಭವಿಗಳು ಅರಿಜೋನಾದಂಥ ಮರುಭೂಮಿಯ ಅಂಗಳಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಮೂರನೆಯದು ಜಾತ್ರೆ. ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ೧೯೫೫ರಿಂದಲೂ, ಕಾರ್ಲೈಲ್‌ನಲ್ಲಿ ೧೯೭೪ರಿಂದಲೂ ಹಳೆಯ ಬಿಡಿಭಾಗಗಳ ಸಂತೆ ನಡೆಯುತ್ತ ಬಂದಿದೆ. ೧೯೫೪ರಲ್ಲಿ ಹುಟ್ಟಿದ ಹೆಮ್ಮಿಂಗ್ಸ್ ಮೋಟಾರ್ ನ್ಯೂಸ್ ಎಂಬ ಮಾಸಪತ್ರಿಕೆಯ ಪುಟಗಳು ‘ಬೇಕಾಗಿದೆ’, ‘ಮಾರಾಟಕ್ಕಿದೆ’ ಎಂಬ ಸಣ್ಣ ಜಾಹೀರಾತುಗಳಿಂದಲೇ ತುಂಬಿರುತ್ತಿದ್ದವು. ಮುಂಬಯಿಯ ಚೋರ್ ಬಜಾರ್, ಬೆಂಗಳೂರಿನ ಜೆ.ಸಿ. ರಸ್ತೆ, ಮದರಾಸಿನ ಪುದುಪೇಟೆ, ದಿಲ್ಲಿಯ ಕಾಶ್ಮೀರಿ ಗೇಟ್‌ಗಳಲ್ಲಿ ಅಲೆದ ನಮಗೆ ಈ ದೃಶ್ಯ ಹೊಸದೇನಲ್ಲ.

ಕಂಡದ್ದನ್ನೆಲ್ಲ ಕೊಳ್ಳುವಂತೆಯೂ ಇಲ್ಲ. ಒಂದೇ ಹೆಸರಿನ ಕಾರಿಗೆ ಹಲವು ಬಗೆಯ ರೇಡಿಯೇಟರುಗಳಿದ್ದವು. ಹವಾನಿಯಂತ್ರಣವಿದ್ದ ಕಾರಿಗೆ ದಪ್ಪನೆಯದು, ಇಲ್ಲದುದಕ್ಕೆ ತೆಳ್ಳನೆಯದು. ಸ್ವಯಂಚಾಲಿತ ಗೇರು ಇದ್ದರೆ ತೊಟ್ಟಿಯೊಳಗೆ ಎಣ್ಣೆ ತಣಿಸುವ ಇನ್ನೊಂದು ಕೊಳವೆ. ಕ್ರೈಸ್ಲರ್ ಕಾರುಗಳಲ್ಲಿ ೨೨ ಅಂಗುಲದ್ದು, ೨೬ ಅಂಗುಲದ್ದು ಎಂದು ಬೇರೆ ಬೇರೆ ಅಳತೆ. ಹ್ಯಾರಿಸನ್ ರೇಡಿಯೇಟರಿನ ತೊಟ್ಟಿಯ ಮೇಲಿನ ಸಣ್ಣ ಲೋಹದ ಚೀಟಿಯಲ್ಲಿ ಸಂಕೇತಾಕ್ಷರಗಳಿರುತ್ತವೆ. ಕ್ರೈಸ್ಲರಿನಲ್ಲಿ ಸಂಖ್ಯೆ ತೊಟ್ಟಿಯ ಮೇಲೆಯೇ ಅಚ್ಚಾಗಿರುತ್ತದೆ. ನಮ್ಮ ಶಾಸನತಜ್ಞರು ವೀರಗಲ್ಲಿನ ಸವೆದ ಅಕ್ಷರಗಳನ್ನು ಓದುವ ಶ್ರದ್ಧೆಯಿಂದಲೇ ಅವರು ಇವುಗಳನ್ನು ಓದುತ್ತಾರೆ. ಇಷ್ಟೆಲ್ಲ ಮಾಡಿ ತಂದು ಕೂಡಿಸಿದರೂ ಬಿಸಿ ಇಳಿಯದ ಪ್ರಸಂಗಗಳುಂಟು. ಆಗ ಫ್ಯಾನಿನ ಸುತ್ತಲಿನ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಹೊದಿಕೆ ಕಾಣೆಯಾಗಿದೆಯೇ, ಎಂಜಿನ್ನಿನೊಳಗೆ ಅರ್ಧ ಶತಮಾನದ ತುಕ್ಕು ಕೂತಿದೆಯೇ ಎಂದು ನೋಡಬೇಕು. ಆ ತುಕ್ಕನ್ನು ತೊಳೆಯದಿದ್ದರೆ ಅದು ಹೊಸ ರೇಡಿಯೇಟರಿನ ನಳಿಕೆಗಳನ್ನೂ ಕಟ್ಟಿಹಾಕುತ್ತದೆ.

ಭಾಗ ಸಿಗದಾಗ ಉಳಿಯುವುದು ದುರಸ್ತಿ. ಹಳೆಯ ತೊಟ್ಟಿಗಳನ್ನು ಉಳಿಸಿಕೊಂಡು ನಡುವಿನ ಜಾಲವನ್ನಷ್ಟೇ ಹೊಸದಾಗಿ ಬೆಸೆಯುವ ಕಸುಬುದಾರರು ಒಂದು ಕಾಲಕ್ಕೆ ಅಮೆರಿಕದ ಊರೂರಿನಲ್ಲಿದ್ದರು. ೧೯೮೦ರ ದಶಕದ ಹೊತ್ತಿಗೆ ಅಲ್ಯೂಮಿನಿಯಮ್ ಜಾಲಕ್ಕೆ ಪ್ಲಾಸ್ಟಿಕ್ ತೊಟ್ಟಿ ಕಚ್ಚಿಸಿದ ರೇಡಿಯೇಟರುಗಳು ಬಂದವು. ಕೆಟ್ಟರೆ ಎಸೆದು ಹೊಸದು ಹಾಕುವುದು ಅಗ್ಗವಾಯಿತು; ಬೆಸುಗೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಹಳೆಯದೆಲ್ಲ ಹೊನ್ನೆಂದು ನಾವು ಹೇಳುತ್ತಿಲ್ಲ. ಆ ಕಸುಬಿನಲ್ಲಿ ಸೀಸದ ವಿಷವಿತ್ತು. ಔದ್ಯೋಗಿಕ ಆರೋಗ್ಯದ ತಪಾಸಣೆಗಳಲ್ಲಿ ರೇಡಿಯೇಟರ್ ಕೆಲಸಗಾರರ ರಕ್ತದಲ್ಲಿ ಸೀಸದ ಅಂಶ ಮೇಲಿಂದ ಮೇಲೆ ಹೆಚ್ಚಾಗಿ ಕಂಡುಬಂದಿತ್ತು. ಹೊಳೆಯುವ ಕಾರಿನ ಮುಂದೆ ನಿಂತು ಮೆಚ್ಚುವವರು, ಅದನ್ನು ತಂಪಾಗಿಟ್ಟವರ ಮೈಯಲ್ಲಿ ಸೇರಿದ ವಿಷವನ್ನೂ ಒಂದು ಕ್ಷಣ ನೆನೆಯಬೇಕು.

ಇಂದು ಹೊಸದಾಗಿ ಅಚ್ಚೊತ್ತಿದ ಪ್ರತಿರೂಪಗಳು ಸಿಗುತ್ತವೆ. ಹಳೆಯ ಕಂಪೆನಿಗಳಿಂದ ಪರವಾನಗಿ ಪಡೆದು, ಹಳೆಯ ಅಳತೆಗೇ ಮಾಡಿದ ತಾಮ್ರ-ಹಿತ್ತಾಳೆಯ ರೇಡಿಯೇಟರುಗಳೂ ಇವೆ. ಅಗಲ ನಳಿಕೆಯ ಅಲ್ಯೂಮಿನಿಯಮ್ಮಿನವೂ ಇವೆ. ಶಾಖವನ್ನು ಸಾಗಿಸುವುದರಲ್ಲಿ ತಾಮ್ರವೇ ಮೇಲಾದರೂ ಅಲ್ಯೂಮಿನಿಯಮ್ ಹಗುರ. ಅದರ ನಳಿಕೆಗಳನ್ನು ಅಗಲವಾಗಿ ಮಾಡಬಹುದಾದ್ದರಿಂದ ಕೆಲಸದಲ್ಲಿ ಅದು ಸರಿಸಮವಾಗಿ ನಿಲ್ಲುತ್ತದೆ. ಇಲ್ಲಿಂದ ಅಭಿಮಾನಿಗಳಲ್ಲಿ ಎರಡು ಪಂಗಡ. ಕಾರ್ಖಾನೆಯಿಂದ ಬಂದಾಗ ಇದ್ದ ಭಾಗವೇ ಇರಬೇಕು, ಸಂಖ್ಯೆಗೆ ಸಂಖ್ಯೆ ಹೊಂದಬೇಕು, ಇಲ್ಲವಾದರೆ ಅದು ಆ ಕಾರೇ ಅಲ್ಲ ಎನ್ನುವವರು ಒಂದು ಕಡೆ. ಓಡದ ಕಾರು ಕಾರೇ ಅಲ್ಲ, ಓಡಲು ಏನು ಬೇಕೋ ಅದನ್ನು ಹಾಕಿರಿ ಎನ್ನುವವರು ಇನ್ನೊಂದು ಕಡೆ. ಹಳೆಯ ದೇವಾಲಯದ ಜೀರ್ಣೋದ್ಧಾರಕ್ಕೆ ಸಿಮೆಂಟ್ ಬಳಸಬಹುದೇ ಎಂಬ ನಮ್ಮೂರಿನ ಚರ್ಚೆಯೇ ಇಲ್ಲಿಯೂ ಕೇಳಿಸುತ್ತದೆ.

ಇದು ಬರಿಯ ಶೋಕಿಯ ಜಗಳವೇ? ನಮಗೆ ಹಾಗೆನ್ನಿಸುವುದಿಲ್ಲ. ಲಾಕ್‌ಪೋರ್ಟಿನ ಹಳೆಯ ವಿಭಾಗ ೧೯೯೯ರಲ್ಲಿ ಡೆಲ್ಫಿ ಎಂಬ ಹೆಸರಿನಲ್ಲಿ ಜನರಲ್ ಮೋಟಾರ್ಸಿನಿಂದ ಬೇರ್ಪಟ್ಟಿತು; ೨೦೦೫ರಲ್ಲಿ ಡೆಲ್ಫಿ ದಿವಾಳಿಯ ಅರ್ಜಿ ಹಾಕಿತು. ೨೦೦೯ರಲ್ಲಿ ಜನರಲ್ ಮೋಟಾರ್ಸ್ ಪಾಂಟಿಯಾಕ್ ಎಂಬ ಹೆಸರನ್ನೇ ಕೈಬಿಡುವುದಾಗಿ ಸಾರಿ, ತಾನೂ ದಿವಾಳಿಯ ಕಟ್ಟೆ ಹತ್ತಿತು. ಆ ಕಾರು ಮಾಡಿದವರ ಪೈಕಿ ಅನೇಕರು ಇಂದು ಇಲ್ಲ. ಅವರ ದುಡಿಮೆಗೆ ಯಾರೂ ಶಿಲಾಶಾಸನ ಹಾಕಿಸಿಲ್ಲ. ಬೆಸುಗೆಯ ಒಂದು ಗೆರೆ, ತೊಟ್ಟಿಯ ಮೇಲಿನ ಒಂದು ಚೀಟಿ, ಇವೇ ಅವರ ಸಹಿ. ಆ ಚೀಟಿಯನ್ನು ಒರೆಸಿ ಓದುವವನು, ತನಗೆ ಅರಿವಿಲ್ಲದೆಯೇ, ಒಬ್ಬ ಅನಾಮಧೇಯ ಕೆಲಸಗಾರನನ್ನು ಮಾತನಾಡಿಸುತ್ತಾನೆ.

ನಮ್ಮ ಪದ್ಮಿನಿಗೂ ಇಂಥ ಅದೃಷ್ಟ ಬರಬಹುದೇ? ಅಮೆರಿಕದಲ್ಲಿ ಹಳೆಯ ಕಾರು ಉಳಿದದ್ದು ಕೇವಲ ಹಣದಿಂದಲ್ಲ. ಕೈಪಿಡಿಗಳನ್ನು ಬರೆದಿಟ್ಟವರಿಂದ, ಸಂತೆ ನಡೆಸಿದವರಿಂದ, ಬಿಡಿಭಾಗಗಳನ್ನು ಗುಜರಿಯ ಕುಲುಮೆಗೆ ಹಾಕದೆ ಕಪಾಟಿನಲ್ಲಿಟ್ಟವರಿಂದ. ನಮ್ಮಲ್ಲಿ ಕೈಚಳಕಕ್ಕೆ ಕೊರತೆಯಿಲ್ಲ. ಬರೆದಿಡುವ ಅಭ್ಯಾಸಕ್ಕೆ ಇದೆ. ಕುರ್ಲಾದ ಕಡೆ ಯಾರಾದರೂ ಹಿರಿಯ ಮಿಸ್ತ್ರಿ ಸಿಕ್ಕರೆ, ಅವರಿಗೆ ತಿಳಿದದ್ದನ್ನು ನಾವು ಕೇಳಿ ಬರೆದುಕೊಳ್ಳಬೇಕು. ಬಿಡಿಭಾಗವನ್ನು ಮತ್ತೆ ಎರಕ ಹೊಯ್ಯಬಹುದು. ಅವರೊಡನೆ ಹೋದ ತಿಳಿವಳಿಕೆಗೆ ಎರಕದ ಅಚ್ಚು ಎಲ್ಲಿಂದ ತರುವುದು?