ತಾಯಿ, ಹೊಗೆ ಮತ್ತು ಕಾನೂನು: ಒಂದು ಸಾಕ್ಷ್ಯದ ಚರಿತ್ರೆ

ಕೆಲವು ವರ್ಷಗಳ ಹಿಂದೆ ವಿಜ್ಞಾನ ಶಿಕ್ಷಕರ ತರಬೇತಿ ಶಿಬಿರವೊಂದರಲ್ಲಿ ಅನಿಲಗಳ ಆಂಶಿಕ ಒತ್ತಡದ ಬಗ್ಗೆ ಮಾತನಾಡುತ್ತಿದ್ದೆ. ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಹೇಗೆ ವರ್ತಿಸುತ್ತದೆ ಎಂಬ ಉದಾಹರಣೆ ಕೊಟ್ಟು, ಗರ್ಭಿಣಿ ಸಿಗರೇಟು ಸೇದಿದರೆ ಭ್ರೂಣಕ್ಕೆ ಆಮ್ಲಜನಕ ಕಡಿಮೆಯಾಗುತ್ತದೆ ಎಂದೆ. ಹಿಂದಿನ ಸಾಲಿನಲ್ಲಿದ್ದ ಶಿಕ್ಷಕಿಯೊಬ್ಬರು ಎದ್ದು ನಿಂತು ಕೇಳಿದರು: “ಸರ್, ಇದು ಇಷ್ಟು ಖಚಿತವಾಗಿ ಗೊತ್ತಿದ್ದರೆ, ಗರ್ಭಿಣಿಯರ ಧೂಮಪಾನವನ್ನು ಅಪರಾಧ ಎಂದು ಸಾರಿ ಕಾನೂನು ಮಾಡಬಹುದಲ್ಲವೇ?” ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಪ್ರಶ್ನೆಯಲ್ಲಿ ವಾಸ್ತವವಾಗಿ ಎರಡು ಪ್ರಶ್ನೆಗಳು ಅಡಗಿದ್ದವು. ಇದು ಖಚಿತವಾಗಿ ಗೊತ್ತಾದದ್ದು ಹೇಗೆ? ಖಚಿತವಾಗಿ ಗೊತ್ತಾದ ಹಾನಿಗೆಲ್ಲ ಶಿಕ್ಷೆಯೇ ಪರಿಹಾರವೇ? ಎರಡಕ್ಕೂ ಚರಿತ್ರೆಯಲ್ಲಿ ಉತ್ತರವಿದೆ.

ಅನುಮಾನದಿಂದ ಅಂಕಿಅಂಶಗಳವರೆಗೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಜರಾಯು ಅಥವಾ ಮಾಸು ಭ್ರೂಣವನ್ನು ಹೊರಗಿನ ವಿಷಗಳಿಂದ ಕಾಪಾಡುವ ಭದ್ರವಾದ ಗೋಡೆ ಎಂಬ ನಂಬಿಕೆ ವೈದ್ಯರಲ್ಲಿ ವ್ಯಾಪಕವಾಗಿತ್ತು. 1941ರಲ್ಲಿ ಆಸ್ಟ್ರೇಲಿಯದ ನೇತ್ರತಜ್ಞ ನಾರ್ಮನ್ ಗ್ರೆಗ್, ಗರ್ಭಿಣಿಗೆ ರುಬೆಲ್ಲ ಸೋಂಕು ತಗಲಿದರೆ ಮಗುವಿಗೆ ಹುಟ್ಟಿನಿಂದಲೇ ಕಣ್ಣಿನ ಪೊರೆ ಬರಬಹುದೆಂದು ತೋರಿಸಿದರು. 1961ರಲ್ಲಿ ಥಾಲಿಡೊಮೈಡ್ ಔಷಧದ ದುರಂತ ಬಯಲಾದಾಗ ಆ ಗೋಡೆಯ ಕಲ್ಪನೆ ಪೂರ್ಣವಾಗಿ ಕುಸಿಯಿತು.

ತಂಬಾಕಿನ ವಿಷಯದಲ್ಲಿ ಮೊದಲ ಸುಳಿವು ಇದಕ್ಕೂ ಮುಂಚೆ ದೊರೆತಿತ್ತು. ಅಮೆರಿಕದ ಸಾಂಟಾಗ್ ಮತ್ತು ವ್ಯಾಲೆಸ್, ತಾಯಿ ಸಿಗರೇಟು ಸೇದಿದಾಗ ಭ್ರೂಣದ ಹೃದಯ ಬಡಿತದ ದರ ಬದಲಾಗುತ್ತದೆ ಎಂದು 1935ರಲ್ಲಿ ವರದಿ ಮಾಡಿದರು. ಆದರೆ ಬಡಿತ ಬದಲಾದರೆ ಹಾನಿಯಾಯಿತು ಎಂದು ಹೇಳುವಂತಿರಲಿಲ್ಲ.

1957ರಲ್ಲಿ ಸಿಂಪ್ಸನ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಕೌಂಟಿಯ ಏಳು ಸಾವಿರಕ್ಕೂ ಹೆಚ್ಚು ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿದರು. ಧೂಮಪಾನಿ ತಾಯಂದಿರಲ್ಲಿ ಅವಧಿಪೂರ್ವ ಹೆರಿಗೆಯ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ದಿನಕ್ಕೆ ಸೇದುವ ಸಿಗರೇಟಿನ ಸಂಖ್ಯೆ ಹೆಚ್ಚಿದಂತೆ ಅದೂ ಹೆಚ್ಚುತ್ತಿತ್ತು. ಎರಡು ವರ್ಷಗಳ ನಂತರ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನಲ್ಲಿ ಲೋ ಅವರು ನಡೆಸಿದ ಅಧ್ಯಯನ ಇನ್ನೂ ಸೂಕ್ಷ್ಮವಾಗಿತ್ತು. ಧೂಮಪಾನಿಗಳ ಶಿಶುಗಳು ಸರಾಸರಿ ಸುಮಾರು 170 ಗ್ರಾಂ ಕಡಿಮೆ ತೂಗುತ್ತಿದ್ದವು. ಗರ್ಭಾವಧಿಯಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲವಾದ್ದರಿಂದ, ಶಿಶು ಬೇಗ ಹುಟ್ಟಿದ್ದಕ್ಕಿಂತ ಒಳಗೇ ನಿಧಾನವಾಗಿ ಬೆಳೆದದ್ದು ಇದಕ್ಕೆ ಕಾರಣ ಎಂದು ಅವರು ತರ್ಕಿಸಿದರು. ಗರ್ಭದ ಆರಂಭದಲ್ಲೇ ಸಿಗರೇಟು ಬಿಟ್ಟವರ ಶಿಶುಗಳ ತೂಕ ಧೂಮಪಾನ ಮಾಡದವರ ಶಿಶುಗಳ ತೂಕಕ್ಕೆ ಸಮೀಪವಾಗಿತ್ತು. ಈ ಕೊನೆಯ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಒಂದು ವಿರೋಧಾಭಾಸ

ಸಹಸಂಬಂಧ ಕಂಡಕೂಡಲೇ ಕಾರಣ ಸಿಕ್ಕಿತು ಎನ್ನಲಾಗದು. ಬೇಸಿಗೆಯಲ್ಲಿ ಐಸ್‌ಕ್ರೀಂ ಮಾರಾಟವೂ ಏರುತ್ತದೆ, ಈಜುವವರ ಸಾವೂ ಏರುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ವಿಚಾರದಲ್ಲಿ ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಇಂಥದೇ ಆಕ್ಷೇಪ ಎತ್ತಿದ್ದರು. ಧೂಮಪಾನದ ಚಟ ಮತ್ತು ರೋಗ ಎರಡಕ್ಕೂ ಮೂಲ ಒಂದೇ ಆನುವಂಶಿಕ ಗುಣ ಇರಬಾರದೇಕೆ ಎಂಬುದು ಅವರ ಪ್ರಶ್ನೆ.

ಗರ್ಭಿಣಿಯರ ವಿಷಯದಲ್ಲಿ ಈ ಪಾತ್ರ ವಹಿಸಿದವರು ಬರ್ಕ್ಲಿಯ ಜೇಕಬ್ ಯೆರುಶಾಲ್ಮಿ. ಸಾವಿರಾರು ಗರ್ಭಿಣಿಯರನ್ನು ಅನುಸರಿಸಿದ ಅವರ ಅಧ್ಯಯನದಲ್ಲಿ 1960ರ ದಶಕದಲ್ಲಿ ವಿಚಿತ್ರ ಸಂಗತಿಯೊಂದು ಕಂಡಿತು. ಕಡಿಮೆ ತೂಕದ ಶಿಶುಗಳನ್ನಷ್ಟೇ ಹೋಲಿಸಿದಾಗ, ಧೂಮಪಾನಿಗಳ ಶಿಶುಗಳೇ ಹೆಚ್ಚಾಗಿ ಬದುಕಿ ಉಳಿಯುತ್ತಿದ್ದವು! 1972ರಲ್ಲಿ ಅವರು ಇನ್ನೊಂದು ಅಂಶ ಮುಂದಿಟ್ಟರು: ಮುಂದೆ ಧೂಮಪಾನಿಗಳಾಗಲಿದ್ದ ಮಹಿಳೆಯರು, ಚಟ ಹತ್ತುವ ಮುಂಚೆ ಹೆತ್ತ ಮಕ್ಕಳೂ ಕಡಿಮೆ ತೂಕದವರಾಗಿದ್ದರು. ಹಾಗಾದರೆ ದೋಷ ಹೊಗೆಯದೋ, ಹೊಗೆ ಸೇದುವವರ ಪ್ರಕೃತಿಯದೋ?

ಮೊದಲ ವಿರೋಧಾಭಾಸದ ಒಗಟನ್ನು ನಮ್ಮ ತರಗತಿಯ ಉದಾಹರಣೆಯಿಂದಲೇ ಬಿಡಿಸಬಹುದು. ತರಗತಿಗೆ ತಡವಾಗಿ ಬಂದವರನ್ನು ಮಾತ್ರ ಆರಿಸಿಕೊಳ್ಳಿ. ಹಳ್ಳಿಯಿಂದ ಬರುವ ಹುಡುಗ ಬಸ್ಸು ತಡವಾದ್ದರಿಂದ ತಡವಾಗಿದ್ದಾನೆ. ಪಕ್ಕದ ಹಾಸ್ಟೆಲಿನ ಹುಡುಗ ತಡವಾಗಿದ್ದರೆ ಅವನಿಗೆ ಜ್ವರ ಬಂದಿರಬಹುದು. ಈ ಇಬ್ಬರನ್ನು ಹೋಲಿಸಿ, ಬಸ್ ಪ್ರಯಾಣ ಆರೋಗ್ಯಕ್ಕೆ ಒಳ್ಳೆಯದು ಎನ್ನಬಹುದೇ? ಹಾಗೆಯೇ ಧೂಮಪಾನ ಮಾಡದ ತಾಯಿಯ ಶಿಶು ತೀರ ಕಡಿಮೆ ತೂಗಿದರೆ, ಅದರ ಹಿಂದೆ ಜನ್ಮಜಾತ ದೋಷದಂಥ ಹೆಚ್ಚು ಗಂಭೀರವಾದ ಕಾರಣ ಇರುವ ಸಾಧ್ಯತೆ ಹೆಚ್ಚು. ಕಡಿಮೆ ತೂಕದವರನ್ನಷ್ಟೇ ಆರಿಸಿದಾಗ ಹೋಲಿಕೆಯೇ ವಕ್ರವಾಗುತ್ತದೆ. ಈ ವಿವರಣೆಯನ್ನು ಕಾರಣ-ರೇಖಾಚಿತ್ರಗಳ ಮೂಲಕ ಸ್ಪಷ್ಟವಾಗಿ ಮಂಡಿಸಿದ್ದು 2006ರಲ್ಲಿ, ಅಂದರೆ ಸುಮಾರು ನಾಲ್ಕು ದಶಕಗಳ ನಂತರ.

ಅಷ್ಟರೊಳಗೆ ಬೇರೆ ದಿಕ್ಕುಗಳಿಂದ ಸಾಕ್ಷ್ಯ ಬಲಗೊಂಡಿತ್ತು. 1958ರಲ್ಲಿ ಬ್ರಿಟನ್ನಿನಲ್ಲಿ ನಡೆದ ಶಿಶುಜನನ ಸಮೀಕ್ಷೆಯನ್ನು ವಿಶ್ಲೇಷಿಸಿ ಬಟ್ಲರ್, ಗೋಲ್ಡ್‌ಸ್ಟೀನ್ ಮತ್ತು ರಾಸ್ 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಿಯ ವಯಸ್ಸು, ಎತ್ತರ, ಸಾಮಾಜಿಕ ವರ್ಗ ಮುಂತಾದವುಗಳ ಪ್ರಭಾವವನ್ನು ಕಳೆದ ಮೇಲೂ ಧೂಮಪಾನಿಗಳ ಶಿಶುಗಳ ತೂಕ 170 ಗ್ರಾಂ ಕಡಿಮೆಯಿತ್ತು. ಹೆರಿಗೆಯ ಆಸುಪಾಸಿನ ಮರಣ ಪ್ರಮಾಣ ಶೇಕಡ 28ರಷ್ಟು ಹೆಚ್ಚಿತ್ತು. ಮೊದಲ ನಾಲ್ಕು ತಿಂಗಳೊಳಗೆ ಚಟ ಬಿಟ್ಟವರಲ್ಲಿ ಅಪಾಯ ಇಳಿದಿತ್ತು.

ನಿರ್ಣಾಯಕವಾದದ್ದು ಪ್ರಯೋಗ. ಗರ್ಭಿಣಿಯರಿಗೆ ಸಿಗರೇಟು ಸೇದಿಸಿ ನೋಡುವಂತಿಲ್ಲ. ಆದರೆ ಬಿಡಲು ನೆರವಾಗಿ ನೋಡಬಹುದು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಸೆಕ್ಸ್‌ಟನ್ ಮತ್ತು ಹೆಬೆಲ್ 935 ಧೂಮಪಾನಿ ಗರ್ಭಿಣಿಯರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಚಟ ಬಿಡಲು ಸತತವಾಗಿ ನೆರವು ನೀಡಿದರು. 1984ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೆರವು ಪಡೆದ ಗುಂಪಿನ ಶಿಶುಗಳು ಸರಾಸರಿ 92 ಗ್ರಾಂ ಹೆಚ್ಚು ತೂಗಿದವು. ಗುಂಪುಗಳನ್ನು ಆರಿಸಿದ್ದು ತಾಯಂದಿರ ಪ್ರಕೃತಿಯಲ್ಲ, ಅದೃಷ್ಟದ ಚೀಟಿ. ಆದ್ದರಿಂದ ಪ್ರಕೃತಿಯ ವಾದ ಇಲ್ಲಿಗೆ ನಿಂತಿತು.

ಹೊಗೆಯ ಭೌತವಿಜ್ಞಾನ

ಕಾರಣದ ಜೊತೆಗೆ ಕಾರ್ಯವಿಧಾನವೂ ತಿಳಿದಿದ್ದರೆ ಸಾಕ್ಷ್ಯ ಗಟ್ಟಿಯಾಗುತ್ತದೆ. 1895ರಲ್ಲಿ ಜೆ. ಎಸ್. ಹಾಲ್ಡೇನ್ ಸ್ವತಃ ಕಾರ್ಬನ್ ಮಾನಾಕ್ಸೈಡ್ ಸೇವಿಸಿ ಅದರ ಪರಿಣಾಮವನ್ನು ದಾಖಲಿಸಿದ್ದರು. ಈ ಅನಿಲಕ್ಕೆ ಹಿಮೋಗ್ಲೋಬಿನ್ ಮೇಲಿರುವ ಆಕರ್ಷಣೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು. ಅದು ಜರಾಯುವನ್ನು ದಾಟಿ ಭ್ರೂಣದ ರಕ್ತ ಸೇರುತ್ತದೆ; ಸಮತೋಲ ಸ್ಥಿತಿಯಲ್ಲಿ ಭ್ರೂಣದ ರಕ್ತದಲ್ಲಿ ಅದರ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕಿಂತ ಶೇಕಡ 10ರಿಂದ 15ರಷ್ಟು ಹೆಚ್ಚಿರುತ್ತದೆ. ವಯಸ್ಕರ ಅಪಧಮನಿಯಲ್ಲಿ ಆಮ್ಲಜನಕದ ಆಂಶಿಕ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸವಾದರೆ, ಜರಾಯುವಿನಿಂದ ಭ್ರೂಣಕ್ಕೆ ಬರುವ ರಕ್ತದಲ್ಲಿ ಅದು ಕೇವಲ 30ರ ಆಸುಪಾಸು. ಇಷ್ಟು ಕಡಿಮೆ ಒತ್ತಡದಲ್ಲಿ ಬದುಕುವ ಜೀವಕ್ಕೆ ಅಲ್ಪ ನಷ್ಟವೂ ದೊಡ್ಡದೇ.

ಇನ್ನು ನಿಕೋಟಿನ್. ಅದು ರಕ್ತನಾಳಗಳನ್ನು ಸಂಕುಚಿಸುತ್ತದೆ. ಪಾಯ್ಸೆಯ ನಿಯಮದಂತೆ ಕೊಳವೆಯಲ್ಲಿ ದ್ರವದ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಶೇಕಡ 10ರಷ್ಟು ಕುಗ್ಗಿದರೆ ಹರಿವು 0.9ರ ನಾಲ್ಕನೆಯ ಘಾತ, ಅಂದರೆ ಸುಮಾರು 0.66ಕ್ಕೆ ಇಳಿಯುತ್ತದೆ. ಮೂರನೆಯ ಒಂದು ಭಾಗ ನಷ್ಟ! ರಕ್ತ ಆದರ್ಶ ದ್ರವವಲ್ಲವಾದ್ದರಿಂದ ಇದು ಅಂದಾಜು ಮಾತ್ರ. ಆದರೂ ಸಣ್ಣ ಸಂಕೋಚನದಿಂದ ಆಗುವ ನಷ್ಟ ಸಣ್ಣದಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಈ ಲೆಕ್ಕ ಸಾಕು.

ನ್ಯಾಯಾಲಯದ ಕಟಕಟೆಯಲ್ಲಿ

ಸಾಕ್ಷ್ಯ ಗಟ್ಟಿಯಾಗುತ್ತಿದ್ದಾಗ ತಂಬಾಕು ಉದ್ಯಮ ಏನು ಮಾಡುತ್ತಿತ್ತು? 1971ರ ಜನವರಿಯಲ್ಲಿ ಅಮೆರಿಕದ ದೂರದರ್ಶನ ಸಂದರ್ಶನವೊಂದರಲ್ಲಿ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥ ಜೋಸೆಫ್ ಕಲ್ಮನ್ ಅವರಿಗೆ ಈ ಶಿಶುಗಳ ಬಗ್ಗೆ ಪ್ರಶ್ನೆ ಎದುರಾಯಿತು. ಚಿಕ್ಕ ಮಗುವೇ ಇರಲಿ ಎನ್ನುವ ಮಹಿಳೆಯರೂ ಇದ್ದಾರೆ ಎಂಬರ್ಥದ ಉತ್ತರ ಅವರಿಂದ ಬಂತು! ಅಮೆರಿಕದ ಸಿಗರೇಟು ಪೊಟ್ಟಣಗಳ ಮೇಲೆ ಗರ್ಭಿಣಿಯರನ್ನು ಕುರಿತ ಎಚ್ಚರಿಕೆ ಕಾಣಿಸಿಕೊಂಡದ್ದು 1984ರ ಕಾಯಿದೆಯ ನಂತರ.

ಎಚ್ಚರಿಕೆಯಿಂದ ಶಿಕ್ಷೆಯತ್ತ ಹೆಜ್ಜೆ ಇಟ್ಟದ್ದು ತಂಬಾಕಿನ ವಿಷಯದಲ್ಲಿ ಅಲ್ಲ, ಮಾದಕ ದ್ರವ್ಯಗಳ ವಿಷಯದಲ್ಲಿ. 1989ರಲ್ಲಿ ಸೌತ್ ಕ್ಯಾರೊಲಿನದ ಚಾರ್ಲ್‌ಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಗರ್ಭಿಣಿಯರ ಮೂತ್ರವನ್ನು ಕೊಕೇನಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪೊಲೀಸರಿಗೆ ಒಪ್ಪಿಸುವ ಪದ್ಧತಿ ಆರಂಭವಾಯಿತು. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪಿತ್ತಿತು. ಕೆನಡದಲ್ಲಿ ಅಂಟುದ್ರಾವಣದ ಆವಿ ಸೇದುವ ಚಟವಿದ್ದ ಗರ್ಭಿಣಿಯನ್ನು ಬಲವಂತವಾಗಿ ಚಿಕಿತ್ಸೆಯಲ್ಲಿ ಇರಿಸಬಹುದೇ ಎಂಬ ಪ್ರಶ್ನೆಗೆ ಅಲ್ಲಿನ ಸುಪ್ರೀಂ ಕೋರ್ಟ್ 1997ರಲ್ಲಿ ಇಲ್ಲ ಎಂದಿತು. ಗರ್ಭಿಣಿಯ ಅತಿ ಮದ್ಯಪಾನದಿಂದ ಮಗುವಿಗಾದ ಹಾನಿ ಅಪರಾಧವಲ್ಲ ಎಂದು 2014ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಹೇಳಿತು.

ಇನ್ನೊಂದು ಪ್ರಕರಣ ವಿಜ್ಞಾನದವರಿಗೆ ವಿಶೇಷ ಆಸಕ್ತಿಯದು. ಬ್ಯಾಟರಿ ತಯಾರಿಸುವ ಕಂಪನಿಯೊಂದು ಸೀಸದಿಂದ ಭ್ರೂಣವನ್ನು ರಕ್ಷಿಸುತ್ತೇವೆಂದು, ತಾಯಿಯಾಗಬಲ್ಲ ಮಹಿಳೆಯರನ್ನೆಲ್ಲ ಕೆಲವು ಕೆಲಸಗಳಿಂದ ಹೊರಗಿಟ್ಟಿತು. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಸೀಸ ಗಂಡಸರ ಸಂತಾನಶಕ್ತಿಗೂ ಹಾನಿಕರ. ಆದರೆ ನಿರ್ಬಂಧ ಮಹಿಳೆಯರ ಮೇಲೆ ಮಾತ್ರವಿತ್ತು.

ಶಿಕ್ಷೆಯ ಕಾನೂನು ನಿಜವಾಗಿ ಜಾರಿಯಾದರೆ ಏನಾಗುತ್ತದೆ? ಟೆನೆಸಿ ರಾಜ್ಯದಲ್ಲಿ 2014ರಿಂದ 2016ರವರೆಗೆ, ಗರ್ಭದಲ್ಲಿರುವಾಗ ಮಾದಕ ದ್ರವ್ಯ ಸೇವಿಸಿ ಮಗುವಿಗೆ ಹಾನಿಮಾಡಿದ ತಾಯಿಯನ್ನು ಶಿಕ್ಷಿಸುವ ಕಾನೂನಿತ್ತು. ಆ ಅವಧಿಯಲ್ಲಿ ಗರ್ಭಿಣಿಯರು ತಪಾಸಣೆಯಿಂದ ದೂರ ಸರಿದರು, ಭ್ರೂಣ ಮತ್ತು ಶಿಶುಮರಣ ಏರಿತು ಎಂದು 2021ರಲ್ಲಿ ಪ್ರಕಟವಾದ ವಿಶ್ಲೇಷಣೆ ಅಂದಾಜು ಮಾಡಿತು. ಅವಧಿ ಮುಗಿದಾಗ ಶಾಸನಸಭೆ ಅದನ್ನು ಮುಂದುವರಿಸಲಿಲ್ಲ.

ಅಳತೆಯನ್ನೇ ಕೆಡಿಸುವ ಭಯ

ಭೌತವಿಜ್ಞಾನದ ವಿದ್ಯಾರ್ಥಿಗೆ ಇದರಲ್ಲಿ ಪರಿಚಿತ ಪಾಠವಿದೆ. ಅಳೆಯುವ ಸಾಧನವೇ ಅಳೆಯಬೇಕಾದ ವಸ್ತುವನ್ನು ಬದಲಿಸಿದರೆ ಓದಿಕೆ ತಪ್ಪುತ್ತದೆ. ಬಿಸಿಯಾದ ದೊಡ್ಡ ಉಷ್ಣಮಾಪಕವನ್ನು ಚಮಚದಷ್ಟು ನೀರಿನಲ್ಲಿ ಅದ್ದಿದಂತೆ. 2009ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನವೊಂದರಲ್ಲಿ 3475 ಗರ್ಭಿಣಿಯರ ಪೈಕಿ ತಾವು ಧೂಮಪಾನಿಗಳೆಂದು ಹೇಳಿಕೊಂಡವರು 839 ಮಂದಿ. ರಕ್ತದಲ್ಲಿನ ಕೊಟಿನಿನ್ ಅಳೆದಾಗ ಸಿಕ್ಕ ಸಂಖ್ಯೆ 1046. ಅಲ್ಲಿ ಜೈಲಿನ ಭಯವಿರಲಿಲ್ಲ, ನಾಚಿಕೆ ಮಾತ್ರವಿತ್ತು. ನಾಚಿಕೆಯೊಂದಕ್ಕೇ 200ಕ್ಕೂ ಹೆಚ್ಚು ಮಂದಿ ಮರೆಯಾದರೆ ಶಿಕ್ಷೆಯ ಭಯಕ್ಕೆ ಎಷ್ಟು ಮಂದಿ ಮರೆಯಾದಾರು? ಮೊದಲ ನಾಲ್ಕು ತಿಂಗಳಲ್ಲಿ ಬಿಟ್ಟರೆ ಬಹುಪಾಲು ಹಾನಿ ತಪ್ಪುತ್ತದೆ ಎಂಬುದು 1959ರಿಂದ ಬಂದ ಪಾಠ. ಆ ನಾಲ್ಕು ತಿಂಗಳಲ್ಲಿ ಆಕೆ ವೈದ್ಯರೆದುರು ನಿಜ ಹೇಳಬೇಕಾದದ್ದು ಎಲ್ಲಕ್ಕಿಂತ ಮುಖ್ಯ. ಕಾನೂನು ಬಾಯಿ ಮುಚ್ಚಿಸುವುದೂ ಆಗಲೇ.

ಹಾಗಾದರೆ ಕಾನೂನಿಗೆ ಕೆಲಸವೇ ಇಲ್ಲವೇ? ಖಂಡಿತ ಇದೆ. ಸ್ಕಾಟ್ಲೆಂಡ್ 2006ರ ಮಾರ್ಚ್‌ನಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿದ ಮೇಲೆ ಅಲ್ಲಿ ಅವಧಿಪೂರ್ವ ಹೆರಿಗೆಗಳು ಕಡಿಮೆಯಾದವು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ ಈ ಇಳಿಕೆ ಸುಮಾರು ಶೇಕಡ 10 ಎಂದು ಕಂಡಿತು. ಗ್ಲಾಸ್ಗೊ ನಗರದಲ್ಲಿ 612 ಗರ್ಭಿಣಿಯರ ಮೇಲೆ ನಡೆದ ಪ್ರಯೋಗವೊಂದರಲ್ಲಿ, ಚಟ ಬಿಟ್ಟವರಿಗೆ ಒಟ್ಟು 400 ಪೌಂಡ್‌ವರೆಗಿನ ಖರೀದಿ ಚೀಟಿಗಳನ್ನು ಕೊಡಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶ: ಚೀಟಿ ಪಡೆಯುವ ಗುಂಪಿನಲ್ಲಿ ಶೇಕಡ 22.5 ಮಂದಿ, ಮಾಮೂಲಿ ನೆರವಿನ ಗುಂಪಿನಲ್ಲಿ ಶೇಕಡ 8.6 ಮಂದಿ ಬಿಟ್ಟಿದ್ದರು. ಅಂದರೆ ಕಾನೂನು ಹೊಗೆಯ ಮೇಲೆ ಹೋದಾಗ, ನೆರವು ತಾಯಿಯ ಕಡೆ ಹೋದಾಗ ಗೆಲುವು ಕಂಡಿದೆ.

ನಮ್ಮ ಮನೆಯಂಗಳದಲ್ಲಿ

ಭಾರತದಲ್ಲಿ ಈ ಪ್ರಶ್ನೆಯ ಆಕಾರವೇ ಬೇರೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಂತೆ ಧೂಮಪಾನ ಮಾಡುವ ಮಹಿಳೆಯರು ಶೇಕಡ 2 ಮಾತ್ರ. ಹೊಗೆಯಿಲ್ಲದ ತಂಬಾಕು ಬಳಸುವವರು ಶೇಕಡ 12.8. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ನಮ್ಮ ಊರುಗಳಿಗೆ ಹೊಸದಲ್ಲ. ಮುಂಬಯಿಯ 1217 ಮಹಿಳೆಯರನ್ನು ಅನುಸರಿಸಿದ ಗುಪ್ತ ಮತ್ತು ಶ್ರೀವಿದ್ಯಾ ಅವರ 2004ರ ಅಧ್ಯಯನದಲ್ಲಿ, ಹೊಗೆಯಿಲ್ಲದ ತಂಬಾಕು ಬಳಸಿದವರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಾಗಿತ್ತು. ಹೊಗೆ ಇಲ್ಲದಿದ್ದರೂ ಹಾನಿ ಇದೆ. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮನೆಯೊಳಗೇ ಇತರರ ಹೊಗೆಗೆ ಒಡ್ಡಿಕೊಳ್ಳುವ ವಯಸ್ಕರು ಶೇಕಡ 38.7. ಗರ್ಭಿಣಿ ಸೇದದಿದ್ದರೂ ಪಕ್ಕದ ಕುರ್ಚಿಯಲ್ಲಿ ಗಂಡ, ಜಗಲಿಯಲ್ಲಿ ಮಾವ ಬೀಡಿ ಹಚ್ಚಿರುತ್ತಾರೆ. ತಾಯಿಯನ್ನು ಮಾತ್ರ ಅಪರಾಧಿಯಾಗಿಸುವ ಕಾನೂನು ಇವರನ್ನು ನೋಡುವುದೇ ಇಲ್ಲ. ಸಾರ್ವಜನಿಕ ಸ್ಥಳಗಳಲ್ಲಿನ ಧೂಮಪಾನದ ಬಗ್ಗೆ 2001ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶ ಮತ್ತು 2003ರ ತಂಬಾಕು ನಿಯಂತ್ರಣ ಕಾಯಿದೆ ಸರಿಯಾದ ದಿಕ್ಕಿನವು. ಆದರೆ ಅವು ಮನೆಯ ಹೊಸ್ತಿಲು ದಾಟುವುದಿಲ್ಲ. ಅದನ್ನು ದಾಟಬಲ್ಲದ್ದು ಶಿಕ್ಷಣ ಮಾತ್ರ.

ಆ ಶಿಕ್ಷಕಿಗೆ ಇಂದು ನಾನು ಹೀಗೆ ಉತ್ತರಿಸುತ್ತೇನೆ. ಹಾನಿ ಖಚಿತ, ಅದಕ್ಕೆ ಅರ್ಧ ಶತಮಾನದ ಸಾಕ್ಷ್ಯವಿದೆ. ಆದರೆ ಶಿಕ್ಷೆ ಮಗುವನ್ನು ಕಾಪಾಡುತ್ತದೆ ಎಂಬುದು ಬೇರೆಯೇ ಪ್ರಮೇಯ. ಅದಕ್ಕೂ ಸಾಕ್ಷ್ಯ ಕೇಳಬೇಕು, ಮತ್ತು ಈವರೆಗಿನ ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದೆ. ಇದು ನಷ್ಟವಿಲ್ಲದ ಉತ್ತರವಲ್ಲ. ನೆರವು ಕೊಟ್ಟರೂ ಬಿಡಲಾಗದ ತಾಯಂದಿರು ಇರುತ್ತಾರೆ, ಅವರ ಮಕ್ಕಳು ಬೆಲೆ ತೆರುತ್ತಾರೆ. ಆ ಮಕ್ಕಳ ಸಂಖ್ಯೆಯನ್ನು ಕಡಿಮೆ ಮಾಡುವ ದಾರಿ ಯಾವುದು ಎಂಬುದೇ ನಮ್ಮ ಪ್ರಶ್ನೆಯಾಗಬೇಕು. ಶಿಕ್ಷಕ ಮಿತ್ರರು ಮುಂದಿನ ಸಲ ಪಾಯ್ಸೆಯ ನಿಯಮವನ್ನು ಕಲಿಸುವಾಗ 0.9ರ ನಾಲ್ಕನೆಯ ಘಾತವನ್ನು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸಲಿ. ಅವರಲ್ಲಿ ಕೆಲವರಾದರೂ ಆ ಲೆಕ್ಕವನ್ನು ಮನೆಗೆ, ಜಗಲಿಯವರೆಗೆ ಕೊಂಡೊಯ್ಯುತ್ತಾರೆ.