ರಕ್ತಪರೀಕ್ಷೆಯ ವರದಿ: ವೈದ್ಯರೊಡನೆ ಏನು ಮಾತನಾಡಬೇಕು?

ಪ್ರಯೋಗಾಲಯದ ವರದಿ ಈಗ ಅನೇಕ ವೇಳೆ ವೈದ್ಯರ ಕಣ್ಣಿಗೆ ಬೀಳುವ ಮೊದಲೇ ರೋಗಿಯ ಮೊಬೈಲ್ ತಲುಪಿರುತ್ತದೆ. ಹತ್ತಾರು ಅಂಕಿಗಳ ನಡುವೆ ಒಂದೆರಡು ದಪ್ಪಕ್ಷರದಲ್ಲಿದ್ದರೆ ಸಾಕು, ಮನೆಮಂದಿಯ ನೆಮ್ಮದಿ ಕೆಡುತ್ತದೆ. ದಪ್ಪಕ್ಷರ ಇಲ್ಲದಿದ್ದರೆ ವರದಿ ನೇರವಾಗಿ ಕಪಾಟು ಸೇರುತ್ತದೆ. ಇವೆರಡೂ ಸರಿಯಲ್ಲ. ವರದಿಯು ರೋಗನಿರ್ಣಯಕ್ಕೆ ಒಂದು ಸಾಧನವೇ ಹೊರತು ಅಂತಿಮ ತೀರ್ಪಲ್ಲ.

ದಪ್ಪಕ್ಷರವೆಲ್ಲ ರೋಗವಲ್ಲ

ಫಲಿತಾಂಶದ ಪಕ್ಕದಲ್ಲಿ ಮುದ್ರಿತವಾಗಿರುವ ಸಾಮಾನ್ಯ ಮಿತಿಯನ್ನು ಬಹಳಷ್ಟು ಪರೀಕ್ಷೆಗಳಲ್ಲಿ ಶೇ. 95ರಷ್ಟು ಆರೋಗ್ಯವಂತರು ಅದರೊಳಗೆ ಬರುವಂತೆ ನಿಗದಿಪಡಿಸಲಾಗಿರುತ್ತದೆ. ಎಂದರೆ, ಯಾವ ಕಾಯಿಲೆಯೂ ಇಲ್ಲದ 20 ಮಂದಿಯಲ್ಲಿ ಒಬ್ಬರ ಅಂಕಿ ಮಿತಿಯಾಚೆ ಇರುವುದು ಸಹಜ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಆರೋಗ್ಯವಂತರೊಬ್ಬರು ಒಟ್ಟಿಗೆ ಮಾಡಿಸಿದರೆ, ಒಂದಾದರೂ ಮಿತಿ ಮೀರುವ ಸಂಭವ ಸುಮಾರು ಶೇ. 64. ‘ಸಂಪೂರ್ಣ ತಪಾಸಣೆ’ಯ ಪ್ಯಾಕೇಜುಗಳಲ್ಲಿ ಏನಾದರೊಂದು ದೋಷ ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಮಧುಮೇಹ ಪತ್ತೆಗೆ ಬಳಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೇ ನೋಡಬಹುದು. ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ಮಟ್ಟವನ್ನು ತಿಳಿಸುವ ಇದು ಶೇ. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ಆದರೆ ಸ್ಪಷ್ಟ ಲಕ್ಷಣಗಳಿಲ್ಲದವರಲ್ಲಿ ಮತ್ತೊಂದು ಪರೀಕ್ಷೆಯಿಂದ ಅದು ದೃಢಪಡಬೇಕು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇರುವವರಲ್ಲಿ ಈ ಅಂಕಿ ಇರಬೇಕಾದುದಕ್ಕಿಂತ ಹೆಚ್ಚಾಗಿ ಕಾಣಬಹುದು. ರಕ್ತಕಣಗಳು ಬೇಗ ನಾಶವಾಗುವ ಕಾಯಿಲೆಗಳಲ್ಲಿ ಕಡಿಮೆ ತೋರಬಹುದು.

ಸಾಮಾನ್ಯವೆಂದರೆ ನಿಶ್ಚಿಂತೆಯೇ?

ಪುರುಷರೊಬ್ಬರ ಹಿಮೋಗ್ಲೋಬಿನ್ ಹಿಂದಿನ ವರ್ಷ 15.5 ಇದ್ದು, ಈಗ 13.2ಕ್ಕೆ ಇಳಿದಿದೆ ಎನ್ನೋಣ. ವಿಶ್ವ ಆರೋಗ್ಯ ಸಂಸ್ಥೆ ಪುರುಷರಿಗೆ ನಿಗದಿಪಡಿಸಿರುವ ರಕ್ತಹೀನತೆಯ ಗಡಿ 13 ಆದ್ದರಿಂದ ಈ ಅಂಕಿ ದಪ್ಪಕ್ಷರದಲ್ಲಿ ಇಲ್ಲದಿರಬಹುದು. ಆದರೆ ಈ ಇಳಿಕೆಗೆ ಕಾರಣ ಹುಡುಕಲೇಬೇಕು; ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಒಸರುತ್ತಿರಬಹುದು. ಹಳೆಯ ವರದಿ ಮುಂದಿದ್ದರೆ ಮಾತ್ರ ಇದು ವೈದ್ಯರಿಗೆ ತಿಳಿಯುವುದು. ಮಾಂಸಖಂಡ ಸೊರಗಿದ ವೃದ್ಧರಲ್ಲಿ ಮೂತ್ರಪಿಂಡದ ಶಕ್ತಿ ಕುಂದಿದ್ದರೂ ಕ್ರಿಯಾಟಿನಿನ್ ಸಾಮಾನ್ಯ ಮಿತಿಯಲ್ಲೇ ಇರಬಲ್ಲದು.

ವೈದ್ಯರಿಗೆ ತಿಳಿಸಬೇಕಾದುದು

* ರಕ್ತ ಕೊಟ್ಟಾಗ ಹೊಟ್ಟೆ ಖಾಲಿ ಇತ್ತೇ, ಜ್ವರವಿತ್ತೇ ಎಂಬುದು.
* ಆಯುರ್ವೇದದ ಔಷಧಿ, ವಿಟಮಿನ್ ಮಾತ್ರೆ ಸೇರಿದಂತೆ ಸೇವಿಸುತ್ತಿರುವ ಎಲ್ಲವೂ. ಕೂದಲಿನ ಆರೈಕೆಗೆಂದು ನುಂಗುವ ಬಯೋಟಿನ್ ಮಾತ್ರೆಯು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನು ಏರುಪೇರು ಮಾಡಬಲ್ಲದು.
* ಹಳೆಯ ವರದಿಗಳು, ದಿನಾಂಕದ ಕ್ರಮದಲ್ಲಿ.

ಕೇಳಬೇಕಾದ ಪ್ರಶ್ನೆಗಳು

* ಈ ಅಂಕಿಗೆ ನನ್ನ ವಯಸ್ಸು, ನನ್ನ ಕಾಯಿಲೆಯ ದೃಷ್ಟಿಯಿಂದ ಏನರ್ಥ?
* ಬೇರೆ ಕಾರಣದಿಂದಲೂ ಹೀಗಾಗಿರಬಹುದೇ?
* ಪರೀಕ್ಷೆಯನ್ನು ಮತ್ತೆ ಮಾಡಿಸಬೇಕೇ, ಯಾವಾಗ?
* ಮುಂದಿನ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದೇ?
* ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು?

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದೊಯ್ಯುವುದು, ಉತ್ತರವನ್ನು ತಮ್ಮದೇ ಮಾತಿನಲ್ಲಿ ಮರಳಿ ಹೇಳಿ ಸರಿಯೇ ಎಂದು ಕೇಳುವುದು ಒಳ್ಳೆಯ ಅಭ್ಯಾಸ. ಮನೆಯವರೊಬ್ಬರು ಜೊತೆಗಿದ್ದರೆ ಇನ್ನೂ ಉತ್ತಮ.

ದಾಖಲೆ ರೋಗಿಯ ಹಕ್ಕು

ರೋಗಿಯಾಗಲಿ, ಆತ ಅಧಿಕಾರ ನೀಡಿದವರಾಗಲಿ ಕೇಳಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ನೀಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕೆನ್ನುವವರಿಗೆ ಇದು ಅತ್ಯಗತ್ಯ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯಿದೆ. ‘ಏನೂ ತೊಂದರೆಯಿಲ್ಲ’ ಎಂಬುದು ಎಲ್ಲರೂ ಬಯಸುವ ಉತ್ತರ. ಅದು ಸಿಕ್ಕಾಗಲೂ ‘ಏಕೆ’ ಎಂದು ಒಮ್ಮೆ ವಿನಯದಿಂದ ಕೇಳಬೇಕು. ವರದಿಯನ್ನು ತಾವೇ ಓದಿ ಮಾತ್ರೆ ನಿಲ್ಲಿಸುವುದು ಅಥವಾ ಪ್ರಮಾಣ ಹೆಚ್ಚಿಸುವುದು ಮಾತ್ರ ಎಂದಿಗೂ ಕೂಡದು.